ತಾತನ ಏಳು ಕೆರೆಗಳ ಕಥೆ ಮ್ಯಾಪ್ ಮೇಲೆ ಹೇಳಬೇಕು: ಯಾವ ಟೂಲ್, ಯಾವ ಡೇಟಾ?

ನೀರುಗಂಟಿ ಮೊಮ್ಮಗಳು:
ನಮ್ಮದು ಮುಳಬಾಗಿಲು ತಾಲ್ಲೂಕು. ತಾತ ನೀರುಗಂಟಿ ಆಗಿದ್ದವರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ಅವರ ಕೆಲಸ. ಈಗ ಎಂಬತ್ತಮೂರು ವರ್ಷ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಏಳು ಕೆರೆಗಳ ಸಾಲು ಅವರಿಗೆ ಬಾಯಿಪಾಠ. ಒಂದೊಂದಕ್ಕೂ ಒಂದು ಕಥೆ ಇದೆ. ಊರಿನವರು ಮೊಬೈಲ್‌ನಲ್ಲಿ ಮ್ಯಾಪ್ ನೋಡುತ್ತಾ ಅದನ್ನು ಓದಬೇಕು, ಕೇಳಬೇಕು ಅಂತ ನನ್ನ ಆಸೆ.

ನನ್ನ ಹತ್ತಿರ ಇರುವುದು ಅಣ್ಣ ವಾಟ್ಸಾಪ್‌ನಲ್ಲಿ ಕಳಿಸಿದ ನಲವತ್ತು ಫೋಟೊ, ತಾತನ ಮಾತಿನ ಮೂರು ಗಂಟೆ ರೆಕಾರ್ಡಿಂಗ್, ನುಡಿಯಲ್ಲಿ ಟೈಪ್ ಮಾಡಿಸಿದ ಹನ್ನೆರಡು ಪುಟ. ಕೋಡಿ ಗೊತ್ತು, ಕೋಡಿಂಗ್ ಗೊತ್ತಿಲ್ಲ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ (QGIS) ಕಲಿ ಅಂದರು, ಎರಡು ಸಂಜೆ ಕೂತು ಎದ್ದುಬಂದೆ. ಎಲ್ಲಿಂದ ಶುರು ಮಾಡಲಿ?

ಮಾಲೂರು ಮ್ಯಾಪು:
ಕ್ಯೂಜಿಐಎಸ್ ಸದ್ಯಕ್ಕೆ ಬಿಟ್ಟುಬಿಡಿ. ಲೆಕ್ಕ ಹಾಕಲು, ಹಳೆ ನಕ್ಷೆ ಕೂರಿಸಲು ಅದು ಒಳ್ಳೆಯದು. ಕಥೆ ಹೇಳಲು ಅಷ್ಟು ದೊಡ್ಡ ಗಾಡಿ ಬೇಡ.

ನಿಮ್ಮ ಕಥೆಗೆ ಮೊದಲು, ಕೊನೆ ಅಂತ ಇದೆ ಅಲ್ವಾ? ನೀರು ಹರಿಯುವ ದಾರಿಯೇ ಅದು. ಹಾಗಾದರೆ ನೈಟ್ ಲ್ಯಾಬ್‌ನ (Knight Lab) ಸ್ಟೋರಿಮ್ಯಾಪ್ ಜೆಎಸ್ (StoryMapJS) ಅನ್ನುವ ವೆಬ್ ಟೂಲ್ ನೋಡಿ. ಪುಕ್ಕಟೆ, ಗೂಗಲ್ ಅಕೌಂಟ್ ಇದ್ದರೆ ಸಾಕು. ಒಂದು ಕೆರೆಗೆ ಒಂದು ಸ್ಲೈಡ್, ಸ್ಲೈಡಿನಿಂದ ಸ್ಲೈಡಿಗೆ ಗೆರೆ ಅದೇ ಎಳೆಯುತ್ತದೆ. ಆದರೆ ಗೆರೆ ನೇರ, ನಿಮ್ಮ ಕಾಲುವೆ ಹಾಗೆ ಬಳುಕಲ್ಲ. ಕಾಲುವೆಯನ್ನೇ ಬರೆದು ತೋರಿಸಬೇಕು ಅಂದರೆ ಯುಮ್ಯಾಪ್ (uMap). ಅದು ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಕೂರುತ್ತದೆ.

ಎರಡು ಕಡೆ ನಾನು ಕೈ ಸುಟ್ಟುಕೊಂಡಿದ್ದೀನಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿ ಉದುರಿಹೋಗುತ್ತದೆ. ಅಣ್ಣನಿಗೆ ಹೇಳಿ, ಮೂಲ ಫೋಟೊಗಳನ್ನು ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲಿ. ಎರಡನೆಯದು ನುಡಿ ಸಾಫ್ಟ್‌ವೇರ್. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದರೆ ಬ್ರೌಸರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಕೊಂಡು, ಆಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಿ.

ಕೆರೆ ಏರಿ:
ಡೇಟಾ ಬಗ್ಗೆ ನಾನು ಹೇಳುತ್ತೇನೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಕೆರೆ, ಏರಿ, ಹಳ್ಳ ಎಲ್ಲಾ ಕಾಣುತ್ತವೆ. ಹಳೆ ನೀರಿನ ಗುರುತು ಬೇಕಾದರೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು, 1984ರಿಂದ ಈಚೆಗೆ. ಒಂದೊಂದು ಚುಕ್ಕೆ 30 ಮೀಟರ್, ಹಾಗಾಗಿ ಸಣ್ಣ ಕುಂಟೆ ಕಾಣಲ್ಲ. ಸೆಂಟಿನೆಲ್-2 ಉಪಗ್ರಹ ಆದರೆ 10 ಮೀಟರ್, ಆದರೆ 2015ರಿಂದ ಮಾತ್ರ.

ಉಪಗ್ರಹ ಹೇಳಿದ್ದನ್ನೆಲ್ಲಾ ನಂಬಬೇಡಿ. ಜೊಂಡು ಮುಚ್ಚಿದ ಕೆರೆ ಗದ್ದೆ ಥರ ಹಸಿರಾಗಿ ಕಾಣುತ್ತದೆ. ಮುಖ್ಯವಾಗಿ, 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಬೇರೆ ಕೆರೆಗಳಿಗೂ ಹೋಗಿದೆ. ನಿಮ್ಮ ಸಾಲಿಗೂ ಬಂದಿದ್ದರೆ, ಅದಾದ ಮೇಲೆ ಕೆರೆ ತುಂಬಿದ್ದೆಲ್ಲಾ ಮಳೆ ಅಂತ ಬರೆದರೆ ತಾತನೇ ನಗುತ್ತಾರೆ. ಅವರನ್ನೇ ಕೇಳಿ, ಯಾವ ನೀರು ಯಾವ ವರ್ಷ ಅಂತ.

ಹೆಸರಿಲ್ಲದ ಕೆರೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವೇ ಕನ್ನಡದಲ್ಲಿ ಹೆಸರು ಹಾಕಬಹುದು. ಊರವರ ಬಾಯಲ್ಲಿರುವ ಹೆಸರು ಹಾಕಿ, ಗೂಗಲ್‌ನಿಂದ ನಕಲು ಮಾಡಬೇಡಿ. ಅದಕ್ಕೆ ಅನುಮತಿ ಇಲ್ಲ.

ಶ್ರೀನಿವಾಸಪುರದ ಹಳಬ:
ಒಂದು ಮಾತು ಅಮ್ಮಾ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಗೊತ್ತಾಯಿತು ಅಂತ ಮ್ಯಾಪ್‌ಗೆ ಹಾಕಲು ಹೋಗಬೇಡ. ಕಾಲುವೆ ಮುಚ್ಚಿದ್ದು ಯಾರು ಅಂತ ತಾತ ಹೇಳಿದ್ದರೆ ಅದನ್ನೂ ರೆಕಾರ್ಡಿಂಗ್‌ನಿಂದ ತೆಗೆದುಬಿಡು. ನಾಳೆ ಜಗಳ ಬರುವುದು ನಿನ್ನ ಹತ್ತಿರಕ್ಕಲ್ಲ, ತಾತ ಕೂತಿರುವ ಜಗಲಿಗೆ.

ನೀರುಗಂಟಿ ಮೊಮ್ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಆ ಭಾಗ ತೆಗೆದಿದ್ದೀನಿ, ಹದಿನಾಲ್ಕು ನಿಮಿಷ ಹೋಯಿತು.

ನಿನ್ನೆ ಒಂದು ತಮಾಷೆ ಆಯಿತು. ಯುಮ್ಯಾಪ್‌ಗೆ ಪಟ್ಟಿ ಹಾಕಿದೆ, ಏಳು ಕೆರೆಗಳೂ ನಾರ್ವೆಯಿಂದ ಆಚೆ, ಸ್ವಾಲ್ಬಾರ್ಡ್ ದ್ವೀಪದ ಹತ್ತಿರ ಹೋಗಿ ಕೂತವು! ನಮ್ಮ ಕಡೆ ಅಕ್ಷಾಂಶ 13, ರೇಖಾಂಶ 78. ನಾನು ಎರಡೂ ಅದಲುಬದಲು ಮಾಡಿದ್ದೆ. ತಾತನಿಗೆ ತೋರಿಸಿದೆ. "ಅಲ್ಲಾದರೆ ನೀರಿಗೆ ಬರ ಇರಲ್ಲ ಬಿಡು" ಅಂದರು.

ಈಗ ಸರಿಯಾಗಿದೆ. ಮೂರನೇ ಕೆರೆಯ ತೂಬು ಮಾತ್ರ ಜಾಲಿ ಪೊದೆಯೊಳಗೆ ಎಲ್ಲಿದೆ ಅಂತ ಫೋಟೊದಲ್ಲಿ ಗೊತ್ತಾಗುತ್ತಿಲ್ಲ. ಭಾನುವಾರ ಅವರನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಗುರುತು ಹಾಕಿಕೊಂಡು ಬರುತ್ತೇನೆ.