ಡಬ್ಬಿಯಲ್ಲಿ 12 ಫ್ಲೈಗೆ ಮಾತ್ರ ಜಾಗ, ಯಾವುದನ್ನು ಇಡಲಿ?

ಹೊಸಗಾಳ: ಟ್ರೌಟ್ ಮೀನಿಗೆ ಫ್ಲೈ (ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಹುಳದ ನಕಲು) ಎಸೆಯಲು ಶುರುಮಾಡಿ ಎರಡು ತಿಂಗಳಾಯಿತು. ಸಣ್ಣ ಹೊಳೆ, ತಿಳಿ ನೀರು, ನಿಧಾನ ಹರಿವು. ಸಂಜೆ ಮೀನು ಮೇಲೆದ್ದು ಉಂಗುರ ಎಬ್ಬಿಸುತ್ತವೆ, ಏನು ತಿನ್ನುತ್ತಿವೆ ಅಂತ ಕಾಣುವುದಿಲ್ಲ. ಚಾಳೀಸು ಬಂದಿದೆ. 16ನೇ ನಂಬರಿಗಿಂತ ಸಣ್ಣ ಕೊಕ್ಕೆಗೆ ಟಿಪೆಟ್ (ದಾರದ ತುದಿಯ ತೆಳು ಎಳೆ) ಪೋಣಿಸಲು ಆಗುತ್ತಿಲ್ಲ. ನಿಮ್ಮ ಅನುಭವ ಹೇಳಿ.

ತೇಲುಗರಿ: ಮೊದಲ ವರ್ಷ 140 ಫ್ಲೈ ಕೊಂಡೆ. ಲೆಕ್ಕ ಬರೆದಿಟ್ಟಿದ್ದೇನೆ. ಮರಕ್ಕೆ ಹೋದದ್ದು 38. ಕೆಟ್ಟ ಗಂಟಿಗೆ 11. ಒದ್ದೆ ಡಬ್ಬಿ ಮುಚ್ಚಿಟ್ಟು ತುಕ್ಕು ಹಿಡಿದದ್ದು 14. ಒಂದು ನನ್ನ ಕಿವಿಗೆ. 70 ಫ್ಲೈ ನೀರನ್ನೇ ಕಂಡಿಲ್ಲ! ಉಳಿದ ಆರೂ ಪ್ಯಾರಾಶೂಟ್ ಆಡಮ್ಸ್ ಅನ್ನುವ ತೇಲುವ ಫ್ಲೈ, 14 ಮತ್ತು 16ನೇ ನಂಬರು. ಮೀನು ತಂದದ್ದು ಅವೇ. ಆಡಮ್ಸ್ 1922ರಿಂದ ಇದೆ. ಯಾವ ಹುಳಕ್ಕೂ ಪಕ್ಕಾ ಹೋಲುವುದಿಲ್ಲ, ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹೋಲುತ್ತದೆ. ನಾನು ಬೇರೆ ಏನನ್ನೂ ಇಡುವುದಿಲ್ಲ.

ತಳಮಣಿ: ತೇಲುವ ಫ್ಲೈ ನಂಬಿ ನನ್ನ ಎರಡು ಸೀಸನ್ ಮಣ್ಣುಪಾಲಾಯಿತು. ಟ್ರೌಟ್ ಊಟದ ದೊಡ್ಡ ಪಾಲು ನೀರಿನೊಳಗೇ. ಮೇಲೆ ಕಾಣುವ ಉಂಗುರವೂ ಎಷ್ಟೋ ಸಲ ಮೇಲ್ಪದರದ ಕೆಳಗೇ ನಿಂಫ್ (ನೀರೊಳಗಿನ ಎಳೆ ಹುಳ) ಹಿಡಿದ ಗುರುತು. ಅದನ್ನು ಹೋಲುವ ಮುಳುಗು ಫ್ಲೈಗೂ ನಿಂಫ್ ಅಂತಲೇ ಹೆಸರು, ಅದರಲ್ಲಿ ಫೆಸೆಂಟ್ ಟೇಲ್ ಇಡಿ. ಹಾಗಂತ ನನಗೂ ಸುಲಭವಾಗಲಿಲ್ಲ. ಮೊಣಕಾಲುದ್ದದ ನೀರಿಗೆ ತೂಕಕ್ಕೆ ಅಂತ 3.5 ಮಿ.ಮೀ. ಟಂಗ್‌ಸ್ಟನ್ ಮಣಿ ಕಟ್ಟಿ ಒಂದೇ ಬೆಳಿಗ್ಗೆ 23 ನಿಂಫ್ ಬಂಡೆ ಸಂದಿಗೆ ಕೊಟ್ಟೆ. 24ನೆಯದು ಕಟ್ಟುವಾಗ ಕೈ ನಡುಗುತ್ತಿತ್ತು, ಸಿಟ್ಟಿಗೆ. ಈಗ 2.5 ಮಿ.ಮೀ. ಮಾತ್ರ.

ತೇಲುಗರಿ: ಮಣಿ ಕಟ್ಟಿ ತಳ ಕೆರೆಯುವುದಾದರೆ ಎರೆಹುಳವನ್ನೇ ಚುಚ್ಚಿ ಸ್ವಾಮಿ, ಖರ್ಚು ಕಮ್ಮಿ.

ತಳಮಣಿ: ಈ ಜಗಳ ಹಳೇದು. ಒಣ (ತೇಲುವ) ಫ್ಲೈ ಬಿಟ್ಟರೆ ಬೇರೆ ಇಲ್ಲ ಅಂದ ಇಂಗ್ಲಿಷ್ ಗಾಳಗಾರ ಹ್ಯಾಲ್‌ಫರ್ಡ್ ತೀರಿಕೊಂಡು 24 ವರ್ಷವಾದ ಮೇಲೂ, 1938ರಲ್ಲಿ, ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಇನ್ನೊಬ್ಬ ಗಾಳಗಾರ ಸ್ಕ್ಯೂಸ್ ನಿಂಫ್ ಪರ ವಾದಿಸಬೇಕಾಯಿತು. ನೀವಿನ್ನೂ ಅಲ್ಲೇ ಕೂತಿದ್ದೀರಿ.

ಸ್ವಂತಕಟ್ಟು: ಕೊಂಡವರ ಗೋಳು ಓದಿ ನಗು ಬಂತು. ನಾನೇ ಕಟ್ಟುತ್ತೇನೆ. ಉಳಿತಾಯ ಅಂತ ಶುರುವಾದದ್ದು, ಅದರ ಮಾತು ಈಗ ಬೇಡ. ಗರಿ ಸಮೇತ ತಂದ ಎರಡು ಒಳ್ಳೆ ಕೋಳಿ ಚರ್ಮಕ್ಕೆ ನುಸಿ ಬಿದ್ದು ಪುಡಿಯಾದವು. ಮೊದಲು ಕಟ್ಟಿದ 60 ಎಲ್ಕ್ ಹೇರ್ ಕ್ಯಾಡಿಸ್ ಫ್ಲೈಗಳಲ್ಲಿ 41ಕ್ಕೆ ಕೊಕ್ಕೆಯ ಕಣ್ಣೇ ದಾರದಡಿ ಮುಚ್ಚಿಹೋಗಿತ್ತು. ಒಂದು ಸಂಜೆ 12 ಫ್ಲೈ ಬದಲಿಸಿದೆ, ಎಲ್ಲವನ್ನೂ 4ಎಕ್ಸ್ ಟಿಪೆಟ್‌ನಲ್ಲೇ. ಪ್ರತಿಯೊಂದೂ ದಾರದ ಎಳೆತಕ್ಕೆ ಸಿಕ್ಕಿ ನೀರಿಗಿಂತ ಬೇರೆ ವೇಗದಲ್ಲಿ ಹೋಗುತ್ತಿತ್ತು. ಕೊನೆಗೆ ಅದಕ್ಕಿಂತ ತೆಳ್ಳನೆಯ 6ಎಕ್ಸ್ ಹಾಕಿ ಮೊದಲ ಫ್ಲೈಯನ್ನೇ ಮತ್ತೆ ಬಿಟ್ಟೆ. ಎರಡನೇ ಎಸೆತಕ್ಕೆ ಮೀನು. ಆಮೇಲೆ ಸಿಡಿಸಿ ಗರಿಯ ಫ್ಲೈಗೂ ಮನಸ್ಸು ಮಾಡಿದ್ದೆ. ತೇಲಿಸುವ ಜೆಲ್ ಹಚ್ಚಿದೆ, ಮುಳುಗಿತು. ಅದೊಂದು ಸುಮ್ನೆ ಹೈಪ್.

ತೇಲುಗರಿ: ಸಿಡಿಸಿಗೆ ಜೆಲ್ಲಾ?! ಅದು ಬಾತುಕೋಳಿಯ ಎಣ್ಣೆಗ್ರಂಥಿ ಸುತ್ತಲಿನ ಗರಿ. ಎಳೆಎಳೆಯಾಗಿ ಗಾಳಿ ಹಿಡಿದು ತೇಲುತ್ತದೆ. ಜೆಲ್ ಹಚ್ಚಿದರೆ ಎಳೆಗಳು ಅಂಟಿಕೊಳ್ಳುತ್ತವೆ. ಒಣಗಿಸುವ ಪುಡಿ ಹಾಕಬೇಕು. ಕಟ್ಟುವವರಿಗೆ ಇಷ್ಟೂ ಗೊತ್ತಿಲ್ವಾ?

ಸ್ವಂತಕಟ್ಟು: 70 ಫ್ಲೈ ಡಬ್ಬಿಯಲ್ಲೇ ಕೊಳೆಸಿದವರು ಪಾಠ ಹೇಳುತ್ತಿದ್ದಾರೆ.

ಹೊಸಗಾಳ: ಎಲ್ಲರಿಗೂ ಥ್ಯಾಂಕ್ಸ್. ಚಾಳೀಸಿನ ಬಗ್ಗೆ ಯಾರಾದರೂ?

ತಳಮಣಿ: ಮನೆಯಲ್ಲೇ ಒಂದಷ್ಟು ಫ್ಲೈಗೆ ಟಿಪೆಟ್ ಕಟ್ಟಿ ಸುತ್ತಿಟ್ಟುಕೊಂಡು ಹೋಗಿ. ಹೊಳೆಯಲ್ಲಿ ಕುಣಿಕೆಗೆ ಕುಣಿಕೆ ಸಿಕ್ಕಿಸಿದರೆ ಸಾಕು. ಹಾಗೇ ಕೊಕ್ಕೆಯ ಹಿಮ್ಮುಳ್ಳು ಇಕ್ಕಳದಲ್ಲಿ ಒತ್ತಿಬಿಡಿ, ಕಿವಿಗೆ ಸಿಕ್ಕಿದರೂ ಸಲೀಸಾಗಿ ಬರುತ್ತದೆ. ತೇಲುಗರಿಯವರನ್ನು ಕೇಳಿ.

ತೇಲುಗರಿ: ಕಿವಿಯ ವಿಷಯ ಎತ್ತಬೇಡಿ. ಆವತ್ತು ಗಾಳಿ ಇತ್ತು.