"ನೀವೇ ಅತಿರಿಕ್ತ (ಹೆಚ್ಚುವರಿ) ಟೀಚರ್" ಅಂದ್ರು, ಮುಂದೇನು? ಅನುಭವ ಇದ್ದೋರು ಹೇಳಿ

ಕಲ್ಯಾಣ್‌ನಿಂದ ಟೀಚರ್ ಒಬ್ರು:

ಎಲ್ಲರಿಗೂ ನಮಸ್ಕಾರ. ಮುಂಬೈಯ ಒಂದು ಅನುದಾನಿತ ಕನ್ನಡ ಹೈಸ್ಕೂಲಲ್ಲಿ 2009ರಿಂದ ಸಮಾಜ ವಿಜ್ಞಾನ ಕಲಿಸ್ತಿದ್ದೀನಿ. ಈ ಸಲದ ಸಂಚ್ ಮಾನ್ಯತೇಲಿ (ಶಾಲೆಗೆ ಎಷ್ಟು ಟೀಚರ್ ಪೋಸ್ಟ್ ಅಂತ ಸರ್ಕಾರ ಮಂಜೂರು ಮಾಡೋದು) ಒಂದು ಪೋಸ್ಟ್ ಹೋಗಿದೆಯಂತೆ. ಮೊನ್ನೆ ಹೆಡ್‌ಮಿಸ್ ಸ್ಟಾಫ್ ರೂಮಿಗೆ ಬಂದು "ನೀವೇ ಅತಿರಿಕ್ತ ಆಗೋ ಹಾಗಿದೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಹೇಳಿ ಹೋದ್ರು, ಅಷ್ಟೇ, ಕಾಗದ ಪತ್ರ ಏನೂ ಇಲ್ಲ. ಕೆಲಸಾನೇ ಹೋಗತ್ತಾ, ಬೇರೆ ಶಾಲೆಗೆ ಹಾಕ್ತಾರಾ, ಮರಾಠಿ ಶಾಲೆ ಸಿಕ್ರೆ ಹೇಗೆ? ರಾತ್ರಿ ನಿದ್ದೆ ಬರ್ತಿಲ್ಲ.

ಡೊಂಬಿವಲಿಯ ನಿವೃತ್ತ ಮಾಸ್ಟ್ರು:

ಮೊದ್ಲು ಹೆದರುವುದು ಬಿಡಿ ಮಾರಾಯ್ರೆ, ಬಾಯಿಮಾತಲ್ಲಿ ಯಾರೂ ಅತಿರಿಕ್ತ ಆಗುವುದಿಲ್ಲ. ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆ ನೌಕರರಿಗೆ 1977ರ ಕಾಯ್ದೆ ಉಂಟು, ಅದರ ನಿಯಮಗಳು 1981ರದ್ದು, ಅದರಲ್ಲಿ 26ನೇ ನಿಯಮ ಒಂದು ಸಲ ಕೂತು ಓದಿ. ಮಕ್ಕಳು ಕಡಿಮೆ ಆದ್ರೆ, ತುಕಡಿ (ಸೆಕ್ಷನ್) ಮುಚ್ಚಿದ್ರೆ ಪರ್ಮನೆಂಟ್ ಟೀಚರನ್ನು ಕೆಲಸದಿಂದ ಇಳಿಸ್ಬಹುದು ಹೌದು, ಆದ್ರೆ 3 ತಿಂಗಳ ನೋಟಿಸ್ ಬೇಕು, ಶಿಕ್ಷಣಾಧಿಕಾರಿಯ ಒಪ್ಪಿಗೆ ಮೊದಲೇ ಬೇಕು, ಜ್ಯೇಷ್ಠತೆ ನೋಡ್ಬೇಕು. ಮುಂದೆ ಆ ಪೋಸ್ಟ್ ವಾಪಸ್ ಬಂದ್ರೆ ಮೊದಲ ಕರೆ ನಿಮಗೇ, ಅದನ್ನೂ ರಿಜಿಸ್ಟರ್ ಪೋಸ್ಟಲ್ಲಿ ಕಳಿಸ್ಬೇಕು. ನೋಟಿಸ್ ಇಲ್ಲದೆ ಮನೆಗೆ ಕಳಿಸಿದ್ರೋ, 30 ದಿನದೊಳಗೆ ಶಾಲಾ ನ್ಯಾಯಾಧಿಕರಣಕ್ಕೆ ಅಪೀಲು ಹಾಕ್ಬೇಕು, ಆ ದಿನ ಮಾತ್ರ ತಪ್ಪಿಸ್ಬೇಡಿ.

ಈಗ ನನ್ನ ದಡ್ಡತನ ಕೇಳಿ. ಜ್ಯೇಷ್ಠತಾ ಪಟ್ಟಿಗೆ ವರ್ಷಾವರ್ಷ ಸಹಿ ತಗೊಳ್ತಾರಲ್ಲ, ನಾನು ಒಂದು ಕೈಯಲ್ಲಿ ಚಾ ಗ್ಲಾಸು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಸಹಿ ಹಾಕ್ತಿದ್ದೆ, ಓದಿದ್ದೇ ಇಲ್ಲ. ಪೋಸ್ಟ್ ಹೋಗುವ ಹೊತ್ತಿಗೆ ನೋಡ್ತೇನೆ, ನಾನು ಬಿ.ಎಡ್. ಮುಗಿಸಿದ್ದು ಎರಡು ವರ್ಷ ತಡವಾಗಿ ಅಂತ ಬರ್ದಿದ್ದಾರೆ, ನನ್ನ ಕೆಳಗೆ ಇರ್ಬೇಕಾದವರು ಮೇಲೆ ಕೂತಿದ್ದಾರೆ. ಹೈಸ್ಕೂಲಲ್ಲಿ ಸೇರಿದ ತಾರೀಕಷ್ಟೇ ಅಲ್ಲ, ಟ್ರೇನಿಂಗ್ ಮುಗಿಸಿ ಯಾವ ವರ್ಗಕ್ಕೆ (ಕ್ಲಾಸಲ್ಲ, ಟೀಚರ್ ಕೆಟಗರಿ) ಯಾವಾಗ ಬಂದ್ರಿ ಅಂತ ಲೆಕ್ಕ. ತಕರಾರು ಹೇಳಿದ್ರೆ ನಾಲ್ಕು ವರ್ಷದ ನನ್ನದೇ ಸಹಿ ತೋರಿಸಿದ್ರು. ಸರಿಪಡಿಸ್ಲಿಕ್ಕೆ ಎಂಟು ತಿಂಗಳು ಹಿಡೀತು. ಹಾಗಾಗಿ ನಾಳೆಯೇ ಪಟ್ಟಿಯ ಝೆರಾಕ್ಸ್ ಕೇಳಿ, ಅದೂ ಬರವಣಿಗೆಯಲ್ಲಿ.

ನವಿ ಮುಂಬೈಯಿಂದ, ಊರು ವಿಜಯಪುರ ಕಡಿ:

ಅಕ್ಕಾರ, ಮಾಸ್ತರು ಹೇಳಿದ್ದು ಖರೆ, ಆದ್ರ ಪಟ್ಟಿಗಿಂತ ಮೊದಲ ಪಟಸಂಖ್ಯಾ, ಅಂದ್ರ ಹುಡುಗರ ಸಂಖ್ಯಾ, ನೋಡ್ರಿ. 30 ಸಪ್ಟೆಂಬರ್ ಲೆಕ್ಕದ ಮ್ಯಾಲ ಸಂಚ್ ಮಾನ್ಯತಾ ಬರ್ತೈತಿ, ಅದ್ರಾಗೂ ಈಗ ಆಧಾರ್ ವ್ಯಾಲಿಡ್ ಆದ ಹುಡುಗರನ್ನಷ್ಟ ಹಿಡಿತಾರ. 2024ರ ಮಾರ್ಚ್ 15ರ ಜಿಆರ್ (ಸರ್ಕಾರಿ ಆದೇಶ) ಬಂದ ಮ್ಯಾಲಂತೂ ಸಣ್ಣ ಸಾಲಿಗೆ ಭಾಳ ಬಿಗಿ ಆಗೈತಿ. ನಮ್ಮಲ್ಲಿ ಒಂದ ವರ್ಗದಾಗ ಬೆಂಚಿನ ಮ್ಯಾಲ ಕುಂತಾವ್ರು 43, ಪೋರ್ಟಲ್‌ದಾಗ 34. ಉಳದ ಒಂಬತ್ತು ಮಂದಿ ಎಲ್ಲಿ ಹೋದ್ರು ಅಂತ ಕ್ಲರ್ಕ್‌ನ ಬಾಜೂಕ ಕುಂತು ಒಂದೊಂದ ಹೆಸರು ತಗದು ನೋಡಿದ್ವಿ. ಎಲ್ಲಾ ಕಲಬುರ್ಗಿ, ಯಾದಗಿರಿ ಕಡಿಂದ ಬಿಲ್ಡಿಂಗ್ ಕೆಲಸಕ್ಕ ಬಂದವ್ರ ಮಕ್ಕಳು. ಊರಾಗ ಮಾಡಿಸಿದ ಆಧಾರ್‌ದಾಗ ಬರೇ "ಭೀಮಾಶಂಕರ" ಅಂತ ಇರ್ತದ, ಇಲ್ಲಿ ಜನರಲ್ ರಜಿಸ್ಟರ್‌ದಾಗ ಮಹಾರಾಷ್ಟ್ರದ ಪದ್ಧತಿ, ಹುಡುಗನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಎರಡೂ ಕೂಡಂಗಿಲ್ಲ, ಕಂಪ್ಯೂಟರ್ ಒಪ್ಪಂಗಿಲ್ಲ, ಹುಡುಗ ವರ್ಗದಾಗ ಇದ್ರೂ ಲೆಕ್ಕದಾಗ ಇಲ್ಲ! ನಾನು ರಜಾ ಹಾಕಿ ಸೈಟಿಗೆ ಹೋಗಿ ಅವ್ರ ಅಪ್ಪಂದಿರ್ನ ಕೈಕಾಲು ತೊಳಿಸಿ ಆಧಾರ್ ಕೇಂದ್ರಕ್ಕ ಕರ್ಕೊಂಡ ಹೋದೆ, ಅವರ ಒಂದಿನದ ಪಗಾರ ಹೋತು ಪಾಪ. ಆರು ಮಂದೀದು ಸರಿ ಆತು, ಒಂದ ಪೋಸ್ಟ್ ಉಳೀತು. ಆದ್ರ ಆಗಿನ್ನೂ ಮಾನ್ಯತಾ ಫೈನಲ್ ಆಗಿದ್ದಿಲ್ಲ, ನಿಮ್ಮದು ಆಗಿದ್ರ ದುರಸ್ತಿಗೆ ಪ್ರಸ್ತಾವ ಹಾಕ್ಸಬೇಕಾಗ್ತದ, ಅದು ಹೆಡ್‌ಮಾಸ್ತರ ಮನಸ್ಸಿನ ಮ್ಯಾಲ.

ಮುಲುಂಡ್‌ನಿಂದ ಇನ್ನೊಬ್ಬ ಟೀಚರ್:

ನಾನು ಸಮಾಯೋಜನ (ಅತಿರಿಕ್ತ ಆದವರನ್ನ ಬೇರೆ ಶಾಲೆಗೆ ಹಾಕೋದು) ಆಗಿ ಬಂದವಳೇ, ಅದ್ರ ಕಥೆ ಹೇಳ್ತೀನಿ. ಒಂದು ಶಾಲೆ ಹಾಲಲ್ಲಿ ಕ್ಯಾಂಪ್ ಇತ್ತು, ಎದುರು ಪರದೆ ಮೇಲೆ ಖಾಲಿ ಜಾಗದ ಪಟ್ಟಿ, ಸೀನಿಯಾರಿಟಿ ಪ್ರಕಾರ ಹೆಸರು ಕೂಗ್ತಾರೆ, ಮೈಕ್ ಹತ್ರ ಹೋಗಿ ಶಾಲೆ ಹೆಸರು ಹೇಳ್ಬೇಕು. ಯೋಚನೆ ಮಾಡಕ್ಕೆ ಟೈಮೇ ಇಲ್ಲ, ಹಿಂದಿನ ರಾತ್ರೀನೇ ಯಾವ ಸ್ಟೇಷನ್ ಹತ್ರ ಯಾವ ಶಾಲೆ ಅಂತ ಬರ್ಕೊಂಡು ಹೋಗಿ. ಕನ್ನಡ ಮಾಧ್ಯಮದ ಖಾಲಿ ಜಾಗ ಒಂದೂ ಇರ್ಲಿಲ್ಲ. ಸಿಕ್ಕ ಮೊದಲ ಶಾಲೆಯವ್ರು "ಆಮ್ಚ್ಯಾಕಡೆ ಜಾಗಾ ನಾಹೀ" (ನಮ್ಮಲ್ಲಿ ಜಾಗ ಇಲ್ಲ) ಅಂತ ಗೇಟಲ್ಲೇ ವಾಪಸ್ ಕಳಿಸಿದ್ರು, ಅಲ್ಪಸಂಖ್ಯಾತ ಸಂಸ್ಥೆ, ನಮ್ಮ ಟೀಚರ್ ನಾವೇ ಆರಿಸ್ಕೋತೀವಿ ಅಂತ ಅವರ ವಾದ. ಅಳ್ತಾ ಮನೆಗೆ ಹೋಗೋದಲ್ಲ, ಅದನ್ನ ಬರೆದು ಕೊಡಿ ಅನ್ನಿ, ಕೊಡದಿದ್ರೆ ನೀವೇ ಒಂದು ಅರ್ಜಿ ಬರೆದು ಅವತ್ತೇ ಶಿಕ್ಷಣ ನಿರೀಕ್ಷಕರ ಕಚೇರೀಲಿ ಇನ್‌ವರ್ಡ್ ಸಿಕ್ಕಾ (ಅರ್ಜಿ ಬಂತು ಅನ್ನೋ ಮುದ್ರೆ) ಹೊಡೆಸ್ಕೊಳ್ಳಿ. ಆ ಒಂದು ಸಿಕ್ಕಾನೇ ನನ್ನ ಸಂಬಳ ಉಳಿಸಿದ್ದು, ಎರಡನೇ ಆದೇಶ ಬರೋವರೆಗೆ ಹಳೇ ಶಾಲೆಯಿಂದಾನೇ ಪಗಾರ ಬಂತು. ಆಮೇಲೆ ಶಾಲಾರ್ಥದಲ್ಲಿ (ಸಂಬಳದ ಆನ್‌ಲೈನ್ ವ್ಯವಸ್ಥೆ) ಹೆಸರು ಹೊಸ ಶಾಲೆಗೆ ಹೋಗೋವಾಗ ಮೂರು ತಿಂಗಳು ಸಿಕ್ಕಾಕೊಂಡಿತ್ತು ಅನ್ನಿ, ಒಂದಿಷ್ಟು ದುಡ್ಡು ಪಕ್ಕಕ್ಕೆ ಇಟ್ಕೊಂಡಿರಿ.

ಮರಾಠಿ ಬಗ್ಗೆ ಹೇಳಿದ್ರಲ್ಲ. ಮೊದಲ ದಿನ ಒಂಬತ್ತನೇ ಕ್ಲಾಸು, ಪಾಠ ಮುಗಿಸಿ ಏನಾದ್ರೂ ಡೌಟ್ ಇದೆಯಾ ಅಂತ ಕೇಳಕ್ಕೆ ಜೋರಾಗಿ "ಕಾಹೀ ಅನುಮಾನ ಆಹೇ ಕಾ?" ಅಂದೆ. ಎಲ್ಲಾ ಮಕ್ಕಳು ಮುಖ ಮುಖ ನೋಡ್ಕೊಂಡ್ರು. ಮುಂದಿನ ಬೆಂಚಿನ ಹುಡುಗಿ ಮೆತ್ತಗೆ ಎದ್ದು "ಬಾಯಿ, ಶಂಕಾ ಮ್ಹಣಾಯಚಂಯ್ ಕಾ?" (ಟೀಚರ್, ಶಂಕೆ ಅನ್ನಬೇಕಿತ್ತಾ?) ಅಂದ್ಳು. ಮರಾಠೀಲಿ ಅನುಮಾನ ಅಂದ್ರೆ ತರ್ಕ ಮಾಡಿ ತೀರ್ಮಾನಕ್ಕೆ ಬರೋದಂತೆ, ನನಗೇನು ಗೊತ್ತು. ಈಗ ಆರನೇ ವರ್ಷ, ಬದುಕಿದ್ದೀನಿ. ಆದ್ರೂ ಮಕ್ಕಳು ಅ ಆ ಇ ಈ ಬರೆಯೋದು ನೋಡದೆ ಕೈ ಒಣಗಿದ ಹಾಗನ್ಸತ್ತೆ.

ಪುಣೆಯಿಂದ, ಶಾಲೆ ಆಫೀಸಲ್ಲಿ ಕೆಲಸ ಮಾಡೋರು:

ಸರ್ವಿಸ್ ಬುಕ್ಕಿನ ಪ್ರತಿ ಪುಟ ಫೋಟೋ ತೆಗೀರಿ. ರಿಲೀವ್ ಆಗೋ ದಿನ ಎಲ್‌ಪಿಸಿ (ಕೊನೆಯ ಸಂಬಳದ ಸರ್ಟಿಫಿಕೇಟ್) ಕೈಗೆ ಬರದೆ ಮೆಟ್ಟಿಲು ಇಳೀಬೇಡಿ. ನಾನು ಕ್ಲರ್ಕ್, ನಮ್ಮ ಜಾತಿ ಗೊತ್ತು ನನಗೆ, "ಆಮೇಲೆ ಕಳಿಸ್ತೀವಿ" ಅಂದ್ರೆ ಕಳಿಸಲ್ಲ.

ಕಲ್ಯಾಣ್ ಟೀಚರ್, ನಾಲ್ಕು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಅರ್ಜಿ ಕೊಟ್ಟೆ, ಹೆಡ್‌ಮಿಸ್ ಮುಖ ಸಿಂಡರಿಸಿ ಪಟ್ಟಿ ಕೊಟ್ರು. ನಾನು ಮತ್ತೆ ಇನ್ನೊಬ್ಬ ಟೀಚರ್ ಒಂದೇ ದಿನ, ಒಂದೇ ವರ್ಗದಲ್ಲಿ ಸೇರಿದ್ದು, ನಮ್ಮಿಬ್ಬರ ಸಬ್ಜೆಕ್ಟೂ ಒಂದೇ. ಅವ್ರ ಹೆಸರು ಮೇಲೆ ಬರ್ದಿದ್ದಾರೆ.

ಡೊಂಬಿವಲಿ ಮಾಸ್ಟ್ರು:

ಒಂದೇ ತಾರೀಕಾದ್ರೆ ವಯಸ್ಸಲ್ಲಿ ದೊಡ್ಡವರು ಸೀನಿಯರ್, ನಿಯಮದ ಎಫ್ ಪರಿಶಿಷ್ಟದಲ್ಲೇ ಉಂಟು. ಹುಟ್ಟಿದ ತಾರೀಕು ನೋಡಿ.

ಕಲ್ಯಾಣ್ ಟೀಚರ್:

ನೋಡಿದೆ ಸರ್. ನಾನು ಏಳು ತಿಂಗಳು ದೊಡ್ಡವಳು. ತಕರಾರು ಅರ್ಜಿ ಬರೆದು ಬ್ಯಾಗಲ್ಲಿ ಇಟ್ಕೊಂಡಿದ್ದೀನಿ, ನಾಳೆ ಕೊಡ್ಬೇಕು. ಕಷ್ಟ ಏನಂದ್ರೆ ಇಷ್ಟು ವರ್ಷ ನಾವಿಬ್ರೂ ಒಂದೇ ಡಬ್ಬೀಲಿ ಊಟ ಮಾಡಿರೋರು, ಇವತ್ತೂ ನನಗೆ ಇಷ್ಟ ಅಂತ ಬದನೆಕಾಯಿ ಎಣ್ಣೆಗಾಯಿ ತಂದಿದ್ಲು. ಅವಳಿಗೆ ಇನ್ನೂ ಹೇಳಿಲ್ಲ.