1/35 ಅಳತೆಯ ಡಿಂಗೊ ಮಾರ್ಕ್ 2: ಚಕ್ರ, ಟೈರು, ಮಳೆಗಾಲದ ಬಣ್ಣ

ಪ್ರಶ್ನೆ – ಚಿಕ್ಕಮಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಸ್ಕೌಟ್ ಕಾರಾದ (ಶತ್ರುವಿನ ಸುಳಿವು ಹುಡುಕುವ ಕವಚದ ಕಾರು) ಡೈಮ್ಲರ್ ಡಿಂಗೊ ಮಾರ್ಕ್ 2ರ 1/35 ಅಳತೆಯ ಪ್ಲಾಸ್ಟಿಕ್ ಮಾದರಿಯ ಕಿಟ್ ಒಂದನ್ನು ಜೋಡಿಸುತ್ತಿದ್ದೇನೆ. ಕಾರು ತಿರುವಿನಲ್ಲಿ ನಿಂತಂತೆ ಕಾಣಲೆಂದು ಮುಂದಿನ ಚಕ್ರಗಳನ್ನು ಓರೆಯಾಗಿ ಕೂರಿಸುವ ಯೋಚನೆಯಿದೆ. ಆದರೆ ನಾನು ನೋಡಿದ ಕೆಲವು ಮಾದರಿಗಳಲ್ಲಿ ಹಿಂದಿನ ಚಕ್ರಗಳೂ ತಿರುಗಿವೆ, ಇನ್ನು ಕೆಲವದರಲ್ಲಿ ನೇರವಾಗಿಯೇ ಇವೆ. ಯಾವುದು ಸರಿ? ಭಾರ ಹೊತ್ತ ವಾಹನದಂತೆ ತೋರಲು ಟೈರುಗಳ ತಳವನ್ನು ಎಮರಿ ಕಾಗದದಲ್ಲಿ ಉಜ್ಜಿ ಚಪ್ಪಟೆ ಮಾಡುವ ರೂಢಿಯನ್ನು ಇಲ್ಲೂ ಅನುಸರಿಸಬಹುದೇ?

ಸಾಧ್ಯವಾದರೆ ಭಾರತೀಯ ಸೈನ್ಯದ ಗುರುತುಗಳನ್ನೇ ಹಾಕಬೇಕೆಂಬ ಆಸೆಯೂ ಇದೆ. ಕೊನೆಯದಾಗಿ, ನಮ್ಮ ಕಡೆ ಮಳೆ ಹಿಡಿದರೆ ಲ್ಯಾಕರ್ ಬಣ್ಣದ ಮೇಲೆ ಬೂದಿ ಬಳಿದಂತೆ ಬಿಳಿಚು ಬರುತ್ತದೆ. ಇದಕ್ಕೆ ಪರಿಹಾರ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ಹಾಸನದಿಂದ

ನಮಸ್ಕಾರ. ನೀವು ನೋಡಿದ ಎರಡೂ ಬಗೆಯ ಮಾದರಿಗಳು ಸರಿಯಿರಬಹುದು, ಏಕೆಂದರೆ ಅವು ಬೇರೆ ಬೇರೆ ಮಾರ್ಕ್‌ಗಳು, ಅಂದರೆ ಒಂದೇ ಕಾರಿನ ಬೇರೆ ಬೇರೆ ಆವೃತ್ತಿಗಳು, ಆಗಿರಬಹುದು. ಮಾರ್ಕ್ 1 ಮತ್ತು ಅದರ ಉಪಮಾದರಿಗಳಲ್ಲಿ ನಾಲ್ಕೂ ಚಕ್ರಗಳು ಸ್ಟಿಯರಿಂಗಿಗೆ ಒಳಪಟ್ಟಿದ್ದವು. ಮುಂದಿನವು ಎಡಕ್ಕೆ ಹೊರಳಿದರೆ ಹಿಂದಿನವು ಬಲಕ್ಕೆ ಹೊರಳಿ, ಕಾರು ಇಕ್ಕಟ್ಟಿನ ಜಾಗದಲ್ಲೂ ತಿರುಗಿಕೊಳ್ಳುತ್ತಿತ್ತು. ಪಳಗದ ಚಾಲಕರಿಗೆ ಅದು ಹತೋಟಿಗೆ ಸಿಗದೆ ಹೋದುದರಿಂದ ಮಾರ್ಕ್ 2ರಲ್ಲಿ ಹಿಂದಿನ ಸ್ಟಿಯರಿಂಗನ್ನು ಕೈಬಿಟ್ಟರು. ಆದ್ದರಿಂದ ನಿಮ್ಮ ಕಿಟ್‌ನಲ್ಲಿ ಹಿಂದಿನ ಚಕ್ರಗಳು ನೇರವಾಗಿಯೇ ಇರಬೇಕು.

ಟೈರನ್ನು ದಯವಿಟ್ಟು ಉಜ್ಜಬೇಡಿ. ಲಾರಿ, ಜೀಪುಗಳ ಮಾದರಿಯಲ್ಲಿ ಆ ರೂಢಿ ಚೆನ್ನಾಗಿ ಒಪ್ಪುತ್ತದೆ. ಡಿಂಗೊದ ಟೈರುಗಳಾದರೋ ಗುಂಡು ಹೊಕ್ಕರೂ ಓಡುತ್ತಲೇ ಇರುವಂತೆ ಮಾಡಿದ, ಹೆಚ್ಚುಕಡಿಮೆ ಗಟ್ಟಿ ರಬ್ಬರಿನವು. ಈ ಕಾರಣದಿಂದಲೇ ಕಾರಿನಲ್ಲಿ ಸ್ಟೆಪ್ನಿಯನ್ನೇ ಇಟ್ಟಿರಲಿಲ್ಲ. ಅಷ್ಟು ಬಿರುಸಾದ ಟೈರಿದ್ದೂ ಒಳಗಿನವರಿಗೆ ಕುಲುಕಾಟ ಕಡಿಮೆಯಿದ್ದುದಕ್ಕೆ ಪ್ರತಿ ಚಕ್ರಕ್ಕೂ ಸ್ವತಂತ್ರವಾಗಿದ್ದ ಸುರುಳಿ ಸ್ಪ್ರಿಂಗಿನ ಸಸ್ಪೆನ್ಷನ್ ಕಾರಣ. ಹಾಗಾಗಿ ನೆಲ ಏರುಪೇರಾಗಿದ್ದರೆ ಒಂದು ಚಕ್ರವನ್ನು ತುಸು ಮೇಲಕ್ಕೆ ಕೂರಿಸಿ. ವಾಹನದ ಭಾರ ಅಲ್ಲಿ ತಾನಾಗಿಯೇ ಕಾಣುತ್ತದೆ.

ಈ ಕಾರಿನ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದರ ತಗ್ಗು. ಎತ್ತರ ಸುಮಾರು ಒಂದೂವರೆ ಮೀಟರ್ ಮಾತ್ರ, ಅಂದರೆ ನಿಮ್ಮ ಮೇಜಿನ ಮೇಲೆ 43 ಮಿಲಿಮೀಟರ್ ಆಸುಪಾಸು. ನಡುವಿನ ಒಂದೇ ಗೇರುಪೆಟ್ಟಿಗೆಯಿಂದ ನಾಲ್ಕು ಚಕ್ರಗಳಿಗೂ ಪ್ರತ್ಯೇಕ ದಂಡಗಳ ಮೂಲಕ ಚಾಲನೆ ಒಯ್ದದ್ದರಿಂದ ನಡುಮಧ್ಯದಲ್ಲಿ ಉದ್ದನೆಯ ದಂಡ ಹಾಯುವ ಅಗತ್ಯವೇ ಬೀಳಲಿಲ್ಲ, ಕೂರುವ ಜಾಗವನ್ನು ಕೆಳಗಿಳಿಸಲು ಸಾಧ್ಯವಾಯಿತು. ಮುಂದಕ್ಕೆ ಐದು ಗೇರುಗಳಿದ್ದಂತೆ ಹಿಂದಕ್ಕೂ ಐದು ಗೇರುಗಳಿದ್ದವು. ಶತ್ರು ಕಂಡೊಡನೆ ಸುದ್ದಿಯನ್ನು ವೈರ್‌ಲೆಸ್‌ನಲ್ಲಿ ತಿಳಿಸಿ ಬಂದ ದಾರಿಯಲ್ಲೇ ಹಿಮ್ಮುಖವಾಗಿ ಹೊರಟುಬಿಡಬೇಕಾದ ಇಬ್ಬರು ಸಿಬ್ಬಂದಿಗೆ ಅದೇ ದೊಡ್ಡ ರಕ್ಷಣೆ. ಮುಂಭಾಗದ 30 ಮಿಲಿಮೀಟರ್ ಕವಚವೂ ಒಂದು ಬ್ರೆನ್ ಗನ್ನೂ (ಹಗುರ ಮಷಿನ್ ಗನ್) ಅದರ ನಂತರದ ಮಾತು. ವಿನ್ಯಾಸ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿಯದು, ತಯಾರಿಕೆ ಡೈಮ್ಲರ್‌ನದು. 1939ರಿಂದ 1945ರವರೆಗೆ 6,626 ಕಾರುಗಳು ಹೊರಬಂದವು. ಕೆನಡಾದ ಫೋರ್ಡ್ ಇದನ್ನೇ ಆಧರಿಸಿ ಲಿಂಕ್ಸ್ ಎಂಬ ಸ್ಕೌಟ್ ಕಾರನ್ನು ಕಟ್ಟಿತು. ಎದುರಾಳಿ ಪಕ್ಷದ ಇಟಲಿಯೂ ಇದನ್ನು ಅನುಕರಿಸಿ ಲ್ಯಾನ್ಸಿಯಾ ಲಿಂಚೆಯನ್ನು ತಯಾರಿಸಿತು ಎಂದರೆ ವಿನ್ಯಾಸದ ಯೋಗ್ಯತೆ ಎಷ್ಟೆಂದು ನೀವೇ ಊಹಿಸಬಹುದು.

ಇನ್ನು ಗುರುತುಗಳ ವಿಷಯ. ಒಂದು ನಿರ್ದಿಷ್ಟ ದಳದ ಒಂದು ನಿರ್ದಿಷ್ಟ ಕಾರಿನ ಛಾಯಾಚಿತ್ರ ಕೈಯಲ್ಲಿಲ್ಲದೆ ಡಿಂಗೊ ಮೇಲೆ 4ನೆಯ ಭಾರತೀಯ ಡಿವಿಷನ್ನಿನ ಲಾಂಛನವಾದ ಕೆಂಪು ಹದ್ದನ್ನು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಸೈನಿಕರ ನೆನಪಿಗಾಗಿಯೇ ಕಟ್ಟುವುದಾದರೆ ಅದಕ್ಕೆ ಬೇರೆಯೇ ವಾಹನವಿದೆ. ಕೆನಡಾದಿಂದ ತರಿಸಿದ ಚಾಸಿಗಳಿಗೆ ಟಾಟಾ ಕಾರ್ಖಾನೆಯ ಕವಚದ ತಗಡನ್ನು ಹೊದಿಸಿ, ನಮ್ಮ ರೈಲ್ವೆ ವರ್ಕ್‌ಶಾಪುಗಳಲ್ಲಿ ಕಟ್ಟಿದ ‘ಇಂಡಿಯನ್ ಪ್ಯಾಟರ್ನ್’ ಕ್ಯಾರಿಯರ್‌ಗಳು (ಚಕ್ರದ ಮೇಲೆ ಓಡುವ ಕವಚದ ವಾಹನಗಳು) 1940ರಿಂದ 1944ರ ನಡುವೆ 4,655ರಷ್ಟು ತಯಾರಾದವು, ಮೆಡಿಟರೇನಿಯನ್‌ನಿಂದ ಆಗ್ನೇಯ ಏಷ್ಯಾದವರೆಗೆ ಭಾರತೀಯ ದಳಗಳೊಂದಿಗೆ ಓಡಾಡಿದವು. ಅದರ ಮೈಯೆಲ್ಲ ಚಪ್ಪಟೆ ತಗಡು, ಆದ್ದರಿಂದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟಲು ತಾಳ್ಮೆಯಿರುವವರಿಗೆ ಅಸಾಧ್ಯವಲ್ಲ. ಯುದ್ಧದಲ್ಲಿ ದುಡಿದ ನಮ್ಮ ಕೆಲಸಗಾರರ ಈ ವಾಹನವನ್ನು ಕಟ್ಟುವವರು ಇಷ್ಟು ಕಡಿಮೆಯಿರುವುದು ನನಗೆ ಬೇಸರದ ಸಂಗತಿ.

ಉತ್ತರ – ಸಕಲೇಶಪುರದಿಂದ

ಬಣ್ಣದ ಬಗ್ಗೆ ಮಾತ್ರ ಹೇಳುತ್ತೇನೆ. ಲ್ಯಾಕರ್ ತಿನ್ನರ್ ಬೇಗನೆ ಆವಿಯಾಗುವಾಗ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಯೇ ಇಳಿದು ಒಳಗೆ ಸಿಕ್ಕಿಕೊಳ್ಳುತ್ತದೆ. ನೀವು ಹೇಳುವ ಬಿಳಿಚು ಅದೇ. ನಿಧಾನವಾಗಿ ಆರುವಂತೆ ಮಾಡುವ ರಿಟಾರ್ಡರ್ ಇರುವ ತಿನ್ನರ್ ಬಳಸಿ, ತೆಳುವಾಗಿ ಹಲವು ಪದರಗಳಲ್ಲಿ ಹೊಡೆಯಿರಿ, ಬಣ್ಣ ಸಿಂಪಡಿಸಲು ಗಾಳಿ ಒದಗಿಸುವ ಕಂಪ್ರೆಸರ್‌ನ ಕೊಳವೆಗೆ ನೀರು ಹಿಡಿಯುವ ಫಿಲ್ಟರ್ ತಪ್ಪದೆ ಹಾಕಿ. ಮಳೆ ಬಿಟ್ಟೂಬಿಡದೆ ಸುರಿಯುವ ದಿನ ಬಣ್ಣದ ಕೆಲಸ ಬೇಡ. ಅಂದು ಒಳಭಾಗದ ಸಣ್ಣ ತುಂಡುಗಳನ್ನು ಕತ್ತರಿಸಿ ಅಂಚು ಸವರಿಕೊಳ್ಳಿ. ಬಿಳಿಚು ಈಗಾಗಲೇ ಬಂದಿದ್ದರೆ ಒಣಹವೆಯ ದಿನ ಅದೇ ರಿಟಾರ್ಡರ್ ತಿನ್ನರನ್ನು ಹಗುರವಾಗಿ ಮಂಜಿನಂತೆ ಹಾಯಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂದಿನ ಚಕ್ರಗಳನ್ನು ನೇರವಾಗಿಯೇ ಕೂರಿಸಿ, ಬ್ರಿಟಿಷ್ ದಳದ ಗುರುತುಗಳನ್ನೇ ಹಾಕುತ್ತೇನೆ. ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್‌ನ ನಕ್ಷೆ ಹುಡುಕುವ ಕೆಲಸವನ್ನೂ ಆರಂಭಿಸುತ್ತೇನೆ. ಮಾದರಿಯ ಕೆಳಗೆ ಉತ್ತರ ಆಫ್ರಿಕಾದ ಮರುಭೂಮಿಯ ನೆಲ ಮಾಡಲು ನಮ್ಮ ತೋಟದ ಮಣ್ಣು ಆದೀತೇ?

ಉತ್ತರ – ಹಾಸನದಿಂದ

ನಮ್ಮ ಕಡೆಯ ಮಣ್ಣು ಆ ನೆಲಕ್ಕೆ ತೀರಾ ಕೆಂಪು. ಅಲ್ಲಿಯ ಧೂಳು ಮಾಸಲು ಹಳದಿ, ಕೆಲವೆಡೆ ಬಹುತೇಕ ಬಿಳಿ. ಮಣ್ಣನ್ನೇ ಬಳಸುವುದಾದರೆ ವಸ್ತ್ರಗಾಳಿತ ಮಾಡಿ, ಅಂಟಿನೊಂದಿಗೆ ಹರಡಿ, ಒಣಗಿದ ಮೇಲೆ ಪೂರ್ತಿಯಾಗಿ ಬಣ್ಣ ಹೊಡೆಯಿರಿ. ಒಂದು ಮಿಲಿಮೀಟರಿನ ಮರಳ ಕಾಳು ಈ ಅಳತೆಯಲ್ಲಿ 35 ಮಿಲಿಮೀಟರಿನ ಕಲ್ಲಾಗುತ್ತದೆ ಎಂಬುದು ಗಮನದಲ್ಲಿರಲಿ. ಆಂಟೆನಾಕ್ಕೆ ಕಿಟ್‌ನ ತುಂಡನ್ನು ಬಳಸುವುದಕ್ಕಿಂತ ಉಳಿದ ಸ್ಪ್ರೂ ಕಡ್ಡಿಯನ್ನು (ಕಿಟ್‌ನ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಮೇಣದಬತ್ತಿಯ ಉರಿಯ ಮೇಲೆ, ಉರಿ ತಾಗದಂತೆ ಹಿಡಿದು, ಮೆತ್ತಗಾದೊಡನೆ ಎಳೆಯಿರಿ. 8 ಅಡಿಯ ಸರಳಿಗೆ 70 ಮಿಲಿಮೀಟರ್ ಉದ್ದ ಸಾಕು.